ಗಂಟಿಲ್ಲದ ಗಂಜಿ

ಎದುರಂಗಡಿಯವನು ಸತ್ತವನ ಎರಡೂ ಕೆನ್ನೆಗೆ ನೊರೆ ಹಚ್ಚಿ ಕತ್ತಿಯನ್ನು ಕಿವಿಯ ಬುಡಕ್ಕೆ ತಂದಿದ್ದನಷ್ಟೆ, ಅಡುಗೆಮನೆಯಲ್ಲಿ ಕುಕ್ಕರ್ ಜೋರಾಗಿ ಕೂಗಿತು. ಮುಂದಿನ ಕೋಣೆಯಲ್ಲಿ ಅಳುತ್ತಿದ್ದವರು ಗಕ್ಕನೆ ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಹೊತ್ತಿನಲ್ಲಿ ಯಾರಿಗೆ ಏನು ಬೇಯುತ್ತಿದೆ ಎಂದು ಸತ್ತವನ ತಂಗಿ ಗೊಣಗಿದಳು.

ಸತ್ತವನ ಹೆಂಡತಿ ಟವಲಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅದು ಊಟವಲ್ಲ, ಅಣಬೆಯ ಗಂಜಿ, ಯಾರೂ ಮುಚ್ಚಳ ತೆಗೆಯಬೇಡಿ ಎಂದು ಹೇಳಿ ಮತ್ತೆ ಒಳಗೆ ಹೋದಳು.

ಕತ್ತಿ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆ ಗಂಜಿಯನ್ನು ಆಡಿಕೊಂಡು ನಕ್ಕವರಲ್ಲಿ ಎದುರಂಗಡಿಯವನೇ ಮೊದಲಿಗ. ಸತ್ತವನಿಗೆ ಗಂಜಿಯಣ್ಣ ಎಂಬ ಹೆಸರು ಅಂಟಿಸಿದವನೂ ಅವನೇ. ಇಬ್ಬರೂ ಕ್ಷೌರಿಕರು, ರಸ್ತೆಯ ಈಚೆ ಗಂಜಿಯಣ್ಣನ ಅಂಗಡಿ, ಆಚೆ ಇವನದು. ಬಹಳ ವರ್ಷಗಳಿಂದ ಮಾತುಕತೆ ಇರಲಿಲ್ಲ. ಆದರೂ ಆಸ್ಪತ್ರೆಯಿಂದ ಗಂಜಿಯಣ್ಣನ ದೇಹ ಮನೆಗೆ ಬಂತೆಂದು ತಿಳಿದದ್ದೇ, ತನ್ನ ಪೆಟ್ಟಿಗೆ ಹಿಡಿದು ರಸ್ತೆ ದಾಟಿ ಬಂದಿದ್ದ. ಇವನ ಮುಖಕ್ಕೆ ಬೇರೆ ಯಾರೂ ಕತ್ತಿ ಮುಟ್ಟಿಸಕೂಡದು ಎಂದಿದ್ದ.

* * *

ಮೊದಲು ಇಬ್ಬರಿಗೂ ಸೇರಿ ಒಂದೇ ಕುರ್ಚಿ, ಒಂದೇ ಕನ್ನಡಿ. ಕನ್ನಡಿಯನ್ನು ರಸ್ತೆಬದಿಯ ದೊಡ್ಡ ಮರಕ್ಕೆ ತೂಗುಹಾಕಿ ಸರದಿಯ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಕನ್ನಡಿ ಬಿದ್ದು ಚೂರಾಯಿತು. ಮೊಳೆ ಸಡಿಲವಾಗಿ ಹೊಡೆದವನು ನೀನು ಎಂದು ಇವನು, ಕುರ್ಚಿ ತಾಗಿಸಿದವನು ನೀನು ಎಂದು ಅವನು. ಮಾತಿಗೆ ಮಾತು ಬೆಳೆದು ಅಂಗಡಿ ಎರಡಾಯಿತು. ಜಗಳಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿತ್ತೆಂದು ಇಬ್ಬರಿಗೂ ಆಮೇಲೆ ಅನ್ನಿಸಿದ್ದಿರಬಹುದು.

ಗಂಜಿಯಣ್ಣನಿಗೆ ಅಣಬೆಯ ಹುಚ್ಚು ಹಿಡಿದದ್ದು ನಂತರ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹುಲ್ಲು ತುಂಬಿದ ಚೀಲಗಳಿಂದ ಅಣಬೆ ಗೊಂಚಲುಗೊಂಚಲಾಗಿ ಹೊರಬರುವುದನ್ನು ನೋಡುತ್ತ ಕುಳಿತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆದರೆ ಅಣಬೆ ಹುಟ್ಟುವ ಬಿಳಿ ಎಳೆಗಳನ್ನು ಸಾಕಿ ಉಳಿಸಿಕೊಳ್ಳಲು ಅಗರ್ ಎಂಬ, ನೀರನ್ನು ಹೆಪ್ಪುಗಟ್ಟಿಸುವ ಕಡಲಪಾಚಿಯ ಪುಡಿ ಬೇಕಾಗುತ್ತಿತ್ತು. ಅದು ಅವನ ಕೈಗೆಟುಕುವಂಥದ್ದಲ್ಲ. ಮನೆಯಲ್ಲಿರುವುದರಲ್ಲೇ ಏನಾದರೂ ಮಾಡುತ್ತೇನೆಂದು ಹೊರಟ. ಅಕ್ಕಿಗಂಜಿ ಹುಳಿ ನಾತ ಹೊಡೆಯಿತು. ಜೆಲಾಟಿನ್ ಬೇಸಿಗೆ ಬಂದೊಡನೆ ಕರಗಿ ನೀರಾಯಿತು. ಯಾವ ಬಟ್ಟಲು ನೋಡಿದರೂ ಹಸಿರು ಬೂಸ್ಟು. ರೋಸಿಹೋದ ಹೆಂಡತಿ ಕುಕ್ಕರನ್ನು ಮಂಚದಡಿ ಬಚ್ಚಿಟ್ಟಳು.

ಬಚ್ಚಿಟ್ಟವಳೇ ದಾರಿಯನ್ನೂ ತೋರಿಸಿದಳು, ಬೇಕೆಂದಲ್ಲ. ಮಗಳು ಬರುತ್ತಾಳೆಂದು ಕಸ್ಟರ್ಡ್ ಮಾಡುವಾಗ, ಫೋನಿನಲ್ಲಿ ಮಾತಾಡುತ್ತ ಕಾರ್ನ್‌ಫ್ಲೋರ್ ಎರಡು ಸಲ ಸುರಿದುಬಿಟ್ಟಿದ್ದಳು. ಬಟ್ಟಲನ್ನು ಬೋರಲು ಹಾಕಿದರೂ ಅದು ಅಲ್ಲಾಡಲಿಲ್ಲ. ಚೆಲ್ಲಲು ಹೊರಟವಳ ಕೈ ಹಿಡಿದು ಅವನು ಕೇಳಿದ:

"ಇದನ್ನ ಹೇಗೆ ಕೆಡಿಸ್ದೆ ಹೇಳು. ಒಂದೂ ಬಿಡದೆ ಹೇಳು."

ಅವಳ ಅಡುಗೆಯನ್ನು ಅಷ್ಟು ಪ್ರೀತಿಯಿಂದ ಅವನು ಯಾವತ್ತೂ ವಿಚಾರಿಸಿರಲಿಲ್ಲ. ಹಾಲಿನ ಬದಲು ಆಲೂಗಡ್ಡೆ ಬೇಯಿಸಿದ ನೀರು, ಚೂರು ಸಕ್ಕರೆ, ಗಂಟಾಗದಂತೆ ಕದಡಿದ ಕಾರ್ನ್‌ಫ್ಲೋರ್. ಕುಕ್ಕರಿನಲ್ಲಿ ಬೇಯಿಸಿ ಆರಿಸಿದ ಆ ಗಂಜಿಯ ಮೇಲೆ ಎಳೆಗಳು ಹತ್ತಿಯಂತೆ ಹರಡಿಕೊಂಡವು. ಅಂದಿನಿಂದ ಅವನ ಕುರ್ಚಿಯಲ್ಲಿ ಕುಳಿತವರು ಗಂಜಿಯ ಪಾಠ ಕೇಳದೆ ಎದ್ದುಹೋದದ್ದಿಲ್ಲ. ಆ ರಸ್ತೆಯ ಎಷ್ಟೋ ಮನೆಗಳಲ್ಲಿ ಅಣಬೆ ಬೆಳೆಯಿತು, ಎದುರಂಗಡಿಯೊಂದನ್ನು ಬಿಟ್ಟು.

* * *

ಎದುರಂಗಡಿಯವನು ಸತ್ತವನ ಕೆನ್ನೆಯನ್ನು ಹಿಂಗೈಯಿಂದ ಸವರಿ ನೋಡಿ, ಗದ್ದದ ಕೆಳಗೆ ಇನ್ನೊಮ್ಮೆ ಕತ್ತಿ ಆಡಿಸಿ, ಮುಖ ಒರೆಸಿದ. ಆಗ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದಳು. ಮೇಜಿನ ಮೇಲೆ ಒಂದು ಗಾಜಿನ ಬಟ್ಟಲಿತ್ತು. ಅದರ ತುಂಬ ಬಿಳಿ ಎಳೆ, ಒಂದು ಅಂಚಿನಲ್ಲಿ ಹಸಿರು ಚುಕ್ಕೆ. ಗಂಜಿಯಣ್ಣ ಆಸ್ಪತ್ರೆ ಸೇರಿದ ಮೇಲೆ ಇದರ ಕಡೆ ಯಾರೂ ನೋಡಿರಲಿಲ್ಲ; ಬೆಳಿಗ್ಗೆ ಹಾಲಿಗೆಂದು ಫ್ರಿಜ್ ತೆರೆದಾಗ ಅವಳ ಕಣ್ಣಿಗೆ ಬಿದ್ದಿತ್ತು. ಒಳ್ಳೆಯ ಭಾಗವನ್ನು ಇವತ್ತೇ ಕತ್ತರಿಸಿ ಹೊಸ ಗಂಜಿಯ ಮೇಲೆ ಇಡದಿದ್ದರೆ ಬೂಸ್ಟು ಎಲ್ಲವನ್ನೂ ನುಂಗಿಬಿಡುತ್ತದೆ ಎಂದಳು.

"ನನ್ನ ಕೈ ನೋಡಿ, ನಿಲ್ತಾನೇ ಇಲ್ಲ. ನೀವೇ ಮಾಡ್ಬೇಕು."

"ಅತ್ತಿಗೆ, ನಾನು ಇದನ್ನ ಆಡ್ಕೊಂಡು ನಕ್ಕೋನು."

"ಗೊತ್ತು, ಆ ನಗು ಇಲ್ಲೀತನಕ ಕೇಳಿಸ್ತಿತ್ತು. ಆದ್ರೆ ಇದು ಆ ಮರದ್ದು."

ಕನ್ನಡಿ ತೂಗುತ್ತಿದ್ದ ಮರ ಗಾಳಿಗೆ ಉರುಳಿ, ಬುಡವನ್ನೂ ಕಿತ್ತು ಸಾಗಿಸಿ ವರ್ಷಗಳಾಗಿದ್ದವು. ಸಾಗಿಸುವ ಮುಂಚೆ ಕೊರಡಿನ ಮೇಲೆ ಎದ್ದಿದ್ದ ಅಣಬೆಯ ಒಂದು ಚೂರನ್ನು ಗಂಜಿಯಣ್ಣ ತಂದು, ಬಟ್ಟಲಿನಿಂದ ಬಟ್ಟಲಿಗೆ ದಾಟಿಸುತ್ತ ಉಳಿಸಿದ್ದ. ಬೇರೆ ಅಣಬೆಗಳನ್ನು ಕೇಳಿದವರಿಗೆಲ್ಲ ಹಂಚಿದವನು ಇದನ್ನು ಮಾತ್ರ ಯಾರಿಗೂ ಕೊಡಲಿಲ್ಲ.

"ಇದು ನಮ್ಮಿಬ್ಬರದು, ಅವನನ್ನ ಒಂದು ಮಾತು ಕೇಳ್ದೆ ಕೊಡಂಗಿಲ್ಲ ಅಂತಿದ್ರು."

"ಮತ್ತೆ ಕೇಳ್ಬಹುದಿತ್ತಲ್ಲ?"

"ಮಾತು ಬಿಟ್ಟಿದೀನಲ್ಲೇ, ಹೇಗೆ ಕೇಳ್ಲಿ ಅಂತಿದ್ರು."

ಅವನಿಗೆ ನಗು ಉಕ್ಕಿಬಂತು. ತಡೆಯಲು ನೋಡಿದ, ಆಗಲಿಲ್ಲ. ಅವಳೂ ನಕ್ಕಳು. ಬಾಗಿಲಲ್ಲಿ ಇಣುಕಿದ ನಾದಿನಿ, ಇಬ್ಬರ ಕಣ್ಣಲ್ಲೂ ನೀರು ಕಂಡು, ಇವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಹಾಗೇ ಹಿಂದೆ ಸರಿದಳು.

ಗಂಜಿ ಆರಿದ ಮೇಲೆ ಅವನು ಉಸಿರು ತಾಗದಂತೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡ. ಹೊಸ ಬ್ಲೇಡನ್ನು ದೀಪದ ಉರಿಯಲ್ಲಿ ಕಾಯಿಸಿ, ಹಸಿರಿನಿಂದ ದೂರದಲ್ಲಿ ಕತ್ತರಿಸಿದ ಚೂರುಗಳನ್ನು ಹೊಸ ಗಂಜಿಯ ಬಟ್ಟಲುಗಳಿಗೆ ದಾಟಿಸಿದ. ಅವಳು ಮುಚ್ಚಳ ತುಸುವೇ ಎತ್ತಿ ಹಿಡಿದಳು. ಕೊನೆಯ ಬಟ್ಟಲು ಮುಚ್ಚುವ ತನಕ ಅವಳ ಕೈ ಕದಲಲಿಲ್ಲ. ಹೊರಗೆ ಶವವಾಹನದ ಚಾಲಕ ತಡವಾಯಿತೆಂದು ಎರಡು ಸಲ ಬಂದು ಹೇಳಿದ್ದ. ಅಪ್ಪನಿಗೆ ಇವತ್ತು ಯಾವ ಅವಸರವೂ ಇಲ್ಲ ಎಂದು ಮಗಳು ಅವನಿಗೆ ಕುರ್ಚಿ ಕೊಟ್ಟು ಕೂರಿಸಿದಳು.

* * *

ಮಣ್ಣು ಮಾಡಿ ಬಂದ ಸಂಜೆ, ಗಂಜಿಯಣ್ಣನ ಗಿರಾಕಿಗಳು ಮನೆಗೆ ಹೋಗಲು ಮನಸ್ಸಾಗದೆ ರಸ್ತೆಯಲ್ಲೇ ನಿಂತಿದ್ದರು. ಎದುರಂಗಡಿಯ ಮೆಟ್ಟಿಲು ಹತ್ತುವುದು ದ್ರೋಹವೆಂದು ಇಷ್ಟು ವರ್ಷ ನಂಬಿದ್ದವರು ಅವರು. ಕೊನೆಗೆ, ಗಂಜಿಯಣ್ಣನನ್ನು ನೋಡಲು ಆಸ್ಪತ್ರೆಗೆ ಓಡಾಡುತ್ತ ಗಡ್ಡ ಬಿಟ್ಟಿದ್ದ ಹಳೆಯ ಪೋಸ್ಟ್‌ಮ್ಯಾನ್ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತ.

ಅಂಗಡಿಯ ಮೂಲೆಯಲ್ಲಿ, ಆ ಮರದ ಎಳೆಯಿದ್ದ ಒಂದು ಬಟ್ಟಲಿನ ಪಕ್ಕ, ಆಗಲೇ ಒಲೆ ಹೊತ್ತಿತ್ತು. ಆಲೂಗಡ್ಡೆಯ ನೀರು ಕುದಿಯತೊಡಗಿದಾಗ ಕ್ಷೌರ ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತಿಗೆ ಆವಿ ಹಿಡಿದ ಗಾಜಿನಾಚೆ ಪೋಸ್ಟ್‌ಮ್ಯಾನ್ ಕಾಣಿಸಿದ. ಕೊರಳಿಗೆ ಬಿಳಿ ಬಟ್ಟೆ, ಒಂದು ಕೆನ್ನೆ ನುಣುಪು, ಇನ್ನೊಂದರಲ್ಲಿ ಗಡ್ಡ ಹಾಗೇ ಇದೆ. ಎರಡೂ ಕೈಯಲ್ಲಿ ಸೌಟು ಹಿಡಿದು ಮೈಯೆಲ್ಲ ಬೆವರುತ್ತ ಪಾತ್ರೆ ಕದಡುತ್ತಿದ್ದಾನೆ. ಪಕ್ಕದಲ್ಲಿ ಎದುರಂಗಡಿಯವನು ಬಗ್ಗಿ ಕಾರ್ನ್‌ಫ್ಲೋರ್ ನೀರನ್ನು ಎಳೆಯಾಗಿ ಸುರಿಯುತ್ತಿದ್ದಾನೆ. ಹೊರಗಿದ್ದವರು, ಅಡಿ ಹಿಡಿಯುತ್ತೆ, ಬೇಗ ತಿರುವಯ್ಯಾ ಎನ್ನುತ್ತ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತಿದ್ದರು.