ನಾಲ್ಕನೇ ನಂಬರಿನ ಮಂಚ

ಜಾಯ್ಸ್‌ಗೆ ಒಂದು ಕೆಟ್ಟ ಚಟವಿತ್ತು. ಸಭೆ ಮುಗಿಯಿತೆಂದು ಎಲ್ಲರೂ ಚೀಲ ಹೆಗಲಿಗೇರಿಸುವ ಹೊತ್ತಿಗೆ ಅವಳು ಕೈ ಎತ್ತುತ್ತಿದ್ದಳು. ಅವತ್ತೂ ಎತ್ತಿದಳು. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಿಲ್ಲದೆ ಬಯಲಲ್ಲಿ ಮಲಗುವವರು ಎಷ್ಟು, ಅವರಿಗಾಗಿ ಇರುವ ಆಶ್ರಯ ಕೇಂದ್ರದಲ್ಲಿ ಜಾಗ ಎಷ್ಟು ಎಂಬುದನ್ನು ಒಂದು ವಾರದಲ್ಲಿ ಎಣಿಸಿ ಕೊಡಲು ಗುತ್ತಿಗೆಯ ಮೇಲೆ ಹನ್ನೆರಡು ಮಂದಿಯನ್ನು ತೆಗೆದುಕೊಂಡಿದ್ದರು. ಅವಳು ಅವರಲ್ಲಿ ಒಬ್ಬಳು.

“ಸರ್, ಮುಂಜಾನೆ ಹುಬ್ಬಳ್ಳ್ಯಾಗ ಎಣಿಸಿದ ಮನಷ್ಯಾ ಮಧ್ಯಾಹ್ನ ಬಸ್ ಹತ್ತಿ ಧಾರವಾಡಕ್ಕ ಹೋದನಂದ್ರ ಅಲ್ಲಿಯವರು ಮತ್ತ ಎಣಸ್ತಾರಲ್ರಿ? ಒಬ್ಬ ಹೋಗಿ ಇಬ್ಬರಾಗ್ತಾನ.”

ಯೋಜನೆಯ ಅಧಿಕಾರಿ ಶಾಂತಯ್ಯ ಕನ್ನಡಕ ತೆಗೆದು ಅವಳನ್ನು ನೋಡಿದರು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಧಾರವಾಡದ ಮೆತ್ತನೆಯ ಮಾತು. ಯಾರನ್ನೂ ಬೈದವರಲ್ಲ, ಇಲ್ಲ ಎನ್ನುವುದನ್ನೂ ಚಹಾ ಕುಡಿಸಿಯೇ ಹೇಳುವವರು.

“ಖರೇನ ಅದ. ಹಂಗಾರ ಏನ್ ಮಾಡೋಣಂತೀರಿ?”

ಉತ್ತರ ಕೇಳುತ್ತಾರೆಂದು ಜಾಯ್ಸ್ ಎಣಿಸಿರಲಿಲ್ಲ. ಹಿಂದೆ ಪಲ್ಸ್ ಪೋಲಿಯೋ ಕೆಲಸಕ್ಕೆ ಹೋಗಿದ್ದು ನೆನಪಾಗಿ, “ಹನಿ ಹಾಕಿದ ಕೂಸಿನ ಎಡಗೈ ಕಿರುಬೆರಳಿಗೆ ಮಾರ್ಕರ್ ಹಚ್ತೇವಲ್ರಿ, ಹಂಗ ಎಣಿಸಿದವರಿಗೂ…” ಎಂದು ಅರ್ಧಕ್ಕೆ ನಿಲ್ಲಿಸಿದಳು. ದೊಡ್ಡವರ ಬೆರಳಿಗೆ ಹಾಗೆ ಮಸಿ ಬಳಿಯುವುದು ಸರಿಯೇ ಎಂಬ ಅನುಮಾನ ಅಷ್ಟರಲ್ಲೇ ಶುರುವಾಗಿತ್ತು. ಆದರೆ ಶಾಂತಯ್ಯನವರು ಮೇಜು ತಟ್ಟಿಯಾಗಿತ್ತು. ಯಾವುದೋ ಕಪಾಟಿನಲ್ಲಿ ಎರಡು ಡಬ್ಬಿ ಮಾರ್ಕರ್ ಉಳಿದಿದ್ದವು. ಸಭೆಯ ನಡಾವಳಿಯಲ್ಲಿ ‘ಕು. ಜಾಯ್ಸ್ ಅವರ ಸಲಹೆಯಂತೆ’ ಎಂದು ಬರೆಸಿದರು. ಸಂಜೆ ಕಾಲೇಜಿನಲ್ಲಿ ಐದು ವರ್ಷ ತೂಕಡಿಸುತ್ತಾ ಬಿ.ಎ. ಮುಗಿಸಿದವಳ ಹೆಸರು ಸರ್ಕಾರಿ ಕಾಗದದಲ್ಲಿ ಬಂದದ್ದು ಅದೇ ಮೊದಲು. ಮನೆಗೆ ಹೋಗಿ ತಾಯಿಗೆ ಹೇಳಿದಳು. ಆಮೇಲೆ ಹೇಳಬಾರದಿತ್ತೇನೋ ಎಂದುಕೊಂಡಳು.

ಜಾಯ್ಸ್‌ಗೆ ಸಿಕ್ಕಿದ್ದು ದುರ್ಗದಬೈಲಿನ ಸುತ್ತಲಿನ ಓಣಿಗಳು. ಅಲ್ಲಿ ಅವಳಿಗೆ ಮೊದಲೇ ಪರಿಚಯವಿದ್ದವಳು ಸತ್ಯವ್ವ. ಅರವತ್ತು ದಾಟಿದ ಹೆಂಗಸು. ಎರಡು ಖಾನಾವಳಿಗಳಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಾಳೆ, ಮುಚ್ಚಿದ ಬಟ್ಟೆ ಅಂಗಡಿಯೊಂದರ ಕಟ್ಟೆಯ ಮೇಲೆ ಮಲಗುತ್ತಾಳೆ. ಅಂಗಡಿಯ ಮಾಲೀಕರು ಯಾರೂ ಮಲಗದಂತೆ ಆ ಕಟ್ಟೆಗೆ ಕಬ್ಬಿಣದ ಜಾಳಿಗೆ ಹಾಕಿಸುವವರಿದ್ದರು. ಆಶ್ರಯ ಕೇಂದ್ರಕ್ಕೆ ಬಾ ಎಂದು ಜಾಯ್ಸ್ ಒಂದು ತಿಂಗಳಿಂದ ಬೆನ್ನು ಹತ್ತಿದ್ದಳು. ಸತ್ಯವ್ವ ಒಪ್ಪಿರಲಿಲ್ಲ. ಮನೆಯಿಲ್ಲದವರೆಲ್ಲ ಬಜಾರು, ಬಸ್ ನಿಲ್ದಾಣ, ರೈಲು ನಿಲ್ದಾಣದ ಸುತ್ತ ಇದ್ದರು. ಕೇಂದ್ರ ಮಾತ್ರ ಊರ ಹೊರಗೆ ಗಬ್ಬೂರ ಬೈಪಾಸಿನ ಹತ್ತಿರವಿತ್ತು. ಜಾಗ ಅಲ್ಲಿ ಸಿಕ್ಕಿತ್ತು, ಅದಕ್ಕೇ ಅಲ್ಲಿ ಕಟ್ಟಿದ್ದರು.

ಬುಧವಾರ ಮುಂಜಾನೆ ಫೋನಿನ ಆ್ಯಪ್‌ನಲ್ಲಿ ಹೆಸರು ಸೇರಿಸಿ ಕಿರುಬೆರಳಿಗೆ ಕಪ್ಪು ಹಚ್ಚುವಾಗ ಸತ್ಯವ್ವ ಕೇಳಿದಳು, “ಏನವಾ ಇದು, ವೋಟು ಹಾಕ್ಸಾಕ ಬಂದೀಯೇನು?”

“ಅಲ್ಲ ಆಯಿ, ಎಣಿಸೇವಿ ಅಂತ ಗುರುತು.”

“ಕುರಿಗೆ ಬಣ್ಣಾ ಹಚ್ಚಿದಂಗಾತು ನೋಡು. ಹಚ್ಚು, ಹಚ್ಚು. ನಾಳೆ ಜಾಳಗಿ ಬಡ್ಯಾಕ ಬರ್ತಾರಂತ. ಹಾಸಿಗಿ ಐತಿ ಅಂದಿದ್ದಿಯಲ್ಲ, ಖರೇ ಐತೇನು?”

“ಹೆಣ್ಮಕ್ಕಳ ಕೋಣ್ಯಾಗ ಆರು ಮಂಚ ಅದಾವ, ನಾಕು ಖಾಲಿ ಅದಾವ. ನಾ ಖುದ್ದ ನೋಡಿ ಬಂದೇನಿ.”

“ನೀ ಅಂದಮ್ಯಾಲ ಆತು,” ಎಂದಳು ಸತ್ಯವ್ವ. ಜಾಯ್ಸ್ ಆ ನಾಲ್ಕು ಖಾಲಿ ಮಂಚಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸಿದಳು. ತನ್ನ ಮಾತಿನ ಮೇಲೆ ಯಾರಾದರೂ ಭಾರ ಹಾಕಿದರೆ ಅವಳು ಹೀಗೇ ಮಾಡುತ್ತಿದ್ದಳು.

ಗುರುವಾರ ಸಂಜೆ ಆರಕ್ಕೆ ಫೋನು ಬಂತು. ಕೇಂದ್ರ ನೋಡಿಕೊಳ್ಳುವ ಅಮೀನಸಾಬನ ನಂಬರು, ದನಿ ಮಾತ್ರ ಸತ್ಯವ್ವನದು. “ಯವ್ವಾ, ಗಂಟು ಕಟಗೊಂಡು ಎರಡು ಬಸ್ ಬದ್ಲಿ ಮಾಡಿ ಬಂದೇನಿ. ಇಲ್ಲಿ ಈ ಸಾಬಣ್ಣ ಬೆರಳ ನೋಡಿ ಬಾಗಲಾ ಹಾಕ್ಯಾನ. ಬಾ ಇಲ್ಲೆ, ಬಂದು ನೋಡು ನಿನ್ನ ಕೆಲಸಾ.”

ಜಾಯ್ಸ್ ಹೋಗಿ ನೋಡಿದಾಗ ಗೇಟಿನ ಹೊರಗೆ ಸತ್ಯವ್ವ ಒಬ್ಬಳೇ ಇರಲಿಲ್ಲ. ಹದಿನೆಂಟು ಮಂದಿ ಗಂಡಸರು ಗೋಡೆಗೊರಗಿ ಕೂತಿದ್ದರು. ಎಲ್ಲರ ಎಡಗೈ ಕಿರುಬೆರಳೂ ಕಪ್ಪು.

“ಇವರೆಲ್ಲಾ ಯಾರ್ರಿ ಕಾಕಾ?”

“ನಮ್ಮವ್ರೇ ರೀ,” ಎಂದ ಅಮೀನಸಾಬ ಕಣ್ಣು ಒರೆಸಿಕೊಳ್ಳುತ್ತಾ. “ಮೂರ್ ವರ್ಷದಿಂದ ಇಲ್ಲೇ ಮಲಗವ್ರು. ಮುಂಜಾನಿ ಕೂಲಿ ಹುಡ್ಕೋಂಡ ಚೌಕಕ್ಕ ಹೋದ್ರು, ಅಲ್ಲಿ ನಿಮ್ಮವ್ರು ಬಂದು ಎಣಿಸಿ ಮಸಿ ಹಚ್ಚ್ಯಾರ. ಸಂಜೀಕ ತಿರಗಿ ಬಂದ್ರ ನಾ ಬಿಡೂವಂಗಿಲ್ಲ. ಆರ್ಡರ್ ಬಂದದ. ನಿಮ್ಮ ಹೆಸರೂ ಅದ ಅದರಾಗ.”

ಅವನು ಜೇಬಿನಿಂದ ಕಾಗದ ತೆಗೆದುಕೊಟ್ಟ. ಜಾಯ್ಸ್ ಎರಡು ಸಲ ಓದಿದಳು. ‘ಕು. ಜಾಯ್ಸ್ ಅವರ ಸಲಹೆಯಂತೆ ಗುರುತು ಹಾಕಲಾದ ವ್ಯಕ್ತಿಗಳು “ಹೊರಗೆ ಮಲಗುವವರು” ಎಂಬ ಕಾಲಮಿನಲ್ಲಿ ಈಗಾಗಲೇ ಸೇರಿರುವುದರಿಂದ, ಒಬ್ಬರು “ಹೊರಗೆ”, “ಒಳಗೆ” ಎಂಬ ಎರಡೂ ಕಾಲಮುಗಳಲ್ಲಿ ಬಾರದಂತೆ, ವರದಿ ಅಂಗೀಕಾರವಾಗುವವರೆಗೆ ಅವರನ್ನು ಕೇಂದ್ರದೊಳಗೆ ಸೇರಿಸಿಕೊಳ್ಳತಕ್ಕದ್ದಲ್ಲ.’

“ವರದಿ ಅಂಗೀಕಾರ ಯಾವಾಗ ಆಗ್ತದ?”

“ಹ್ವಾದ ಸಲದ್ದು ಇನ್ನೂ ಆಗಿಲ್ರಿ.”

ಒಳಗೆ ನಲವತ್ತು ಮಂಚಗಳಿದ್ದವು. ಹದಿಮೂರು ಮಂಚಗಳಲ್ಲಿ ಮಾತ್ರ ಜನರಿದ್ದರು. ಕಾಲು ನೋವೆಂದೋ ಜ್ವರವೆಂದೋ ಮುಂಜಾನೆ ಹೊರಗೆ ಹೋಗದವರು. ಕೆಲಸಕ್ಕೆ ಹೋಗದ್ದರಿಂದ ಹಾಸಿಗೆ ಉಳಿಸಿಕೊಂಡವರು. ಉಳಿದ ಇಪ್ಪತ್ತೇಳು ಮಂಚಗಳ ಮೇಲೆ ಹಾಸಿಗೆ ಮಡಚಿಟ್ಟಿದ್ದರು.

“ಆಯಿ, ಇವತ್ತ ನಮ್ಮ ಮನಿಗೆ ಬರ್ರಿ,” ಎಂದಳು ಜಾಯ್ಸ್. ಇರುವುದೊಂದೇ ಕೋಣೆ, ತಾಯಿ ಏನೆನ್ನುತ್ತಾಳೋ ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು.

“ಒಂದ ರಾತ್ರಿಗೆ ಬೀಗತಿ ಆಗಿ ಬರ್ಲೇನು? ನಾಡದು ಮತ್ತ ಹೊರಗ ಹಾಕಾಕ ನಿನಗ ನಾಚಿಕಿ, ಹೊಂಟ ಬರಾಕ ನನಗ ನಾಚಿಕಿ. ನಂಗ ಹಾಸಿಗಿ ಕೊಡ್ತೇನಿ ಅಂದೀದಿ, ಹಾಸಿಗಿ ಕೊಡು.”

ಅಮೀನಸಾಬ ಆ ರಾತ್ರಿ ಒಂದು ದಾರಿ ಹುಡುಕಿದ. ಮಂದಿ ಒಳಗೆ ಬರಬಾರದೆಂದು ಕಾಗದದಲ್ಲಿತ್ತು. ಕಂಬಳಿ ಹೊರಗೆ ಹೋಗಬಾರದೆಂದು ಇರಲಿಲ್ಲ. ಗೋಡೆಯ ಮೇಲಿಂದ ಹತ್ತೊಂಬತ್ತು ಕಂಬಳಿ ದಾಟಿಸಿದ. ಹತ್ತೊಂಬತ್ತು ಮಂದಿ ಕೇಂದ್ರದ ಕಂಬಳಿ ಹೊದ್ದು, ಕೇಂದ್ರದ ಗೋಡೆಗೆ ತಲೆ ಕೊಟ್ಟು, ಕೇಂದ್ರದ ಹೊರಗೆ ಮಲಗಿದರು.

ಶುಕ್ರವಾರ ಜಾಯ್ಸ್ ಕಚೇರಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ಶಾಂತಯ್ಯನವರು ಚಹಾ ತರಿಸಿದರು. ಚಹಾ ಬಂದಾಗಲೇ ಅವಳಿಗೆ ಗೊತ್ತಾಯಿತು.

“ಆರ್ಡರ್ ತಿರಗಿಸಿದ್ರ ನಿಮ್ಮ ಸಲಹಾನ ತಪ್ಪಂದಂಗ ಆಗ್ತದರಿ. ನಾ ಒಪ್ಪೂದಿಲ್ಲ. ಭಾಳ ಛಲೋ ಸಲಹಾ ಅದು. ನೋಡ್ರಿ ಇಲ್ಲಿ,” ಎಂದು ಕರಡು ವರದಿಯನ್ನು ಅವಳ ಕಡೆ ತಿರುಗಿಸಿದರು. ಕೇಂದ್ರದಲ್ಲಿ ಇಪ್ಪತ್ತೇಳು ಹಾಸಿಗೆ ಖಾಲಿ ಉಳಿದಿರುವುದರಿಂದ ಅವಳಿ ನಗರಕ್ಕೆ ಇನ್ನೊಂದು ಕೇಂದ್ರದ ಅವಶ್ಯಕತೆ ಕಂಡುಬರುವುದಿಲ್ಲ ಎಂದಿತ್ತು. ಕೆಳಗೆ ಗಣತಿದಾರರ ಸಹಿಗೆ ಜಾಗ ಬಿಟ್ಟಿದ್ದರು.

“ಸರ್, ಅವು ಖಾಲಿ ಆಗಿದ್ದು ನಾವು ಎಣಿಸಿದ್ದಕ್ಕ.”

“ಯಾಕ ಖಾಲಿ ಅದಾವ ಅನ್ನೋದಕ್ಕ ಕಾಲಂ ಇಲ್ಲರಿ. ಎಷ್ಟು ಖಾಲಿ ಅನ್ನೋದಕ್ಕಷ್ಟ ಅದ.” ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. “ನಿಮ್ಮ ಮುದುಕಿ ಹೆಸರು ಹೊರಗಿನ ಕಾಲಮಿನಿಂದ ಬಿಟ್ಟುಹೋತಂದ್ರ ಆಕೀನ್ನ ಒಳಗ ಬಿಡಾಕ ನನ್ನದೇನೂ ತಕರಾರಿಲ್ಲ. ಬಿಟ್ಟುಹೋಗೂದು ಹೆಂಗ ಅಂತ ನನಗ ಗೊತ್ತಿಲ್ಲ. ಆ್ಯಪ್ ನೋಡ್ರಿ.”

ಜಾಯ್ಸ್ ಗಬ್ಬೂರಿನ ಬಸ್ಸಿನಲ್ಲಿ ಆ್ಯಪ್ ನೋಡಿದಳು. ಒಮ್ಮೆ ಸೇರಿಸಿದ ಹೆಸರನ್ನು ಅಳಿಸಲು ಬರುವುದಿಲ್ಲ. ಕಾರಣ ಕೊಟ್ಟು ತೆಗೆಯಬಹುದು. ಕಾರಣಗಳು ಮೂರೇ. ಗೇಟಿನ ಹತ್ತಿರ ಸತ್ಯವ್ವನ ಪಕ್ಕ ಕೂತು ಅವಳು ಓದಿ ಹೇಳಿದಳು.

“ಒಂದನೇದು, ಮೃತ.”

“ಬರಿ. ಸತ್ತವ್ರಿಗೆ ಹಾಸಿಗಿ ಕೊಡ್ತಾರೇನು ಸಾಬಣ್ಣನ ಕೇಳಿ ಬರಿ.”

“ಎರಡನೇದು, ಊರು ಬಿಟ್ಟು ಹೋಗಿದ್ದಾರೆ.”

“ಬೆಳ್ಳುಳ್ಳಿ ಯಾರ ಸುಲೀಬೇಕು, ನಿಮ್ಮವ್ವಾ?”

“ಮೂರನೇದು, ಮನೆ ದೊರಕಿದೆ.”

ಸತ್ಯವ್ವ ನಕ್ಕಳು. ಗೋಡೆಗೊರಗಿದ್ದವರೂ ನಕ್ಕರು. ಜಾಯ್ಸ್ ನಗಲಿಲ್ಲ. ಸುಳ್ಳು ಬರೆಯುವುದು ಅವಳಿಂದ ಆಗದ ಕೆಲಸ. ಚರ್ಚಿನ ವಂತಿಗೆ ಪುಸ್ತಕದಲ್ಲಿ ತಾರೀಖು ತಪ್ಪಿದರೂ ನಿದ್ದೆ ಕೆಡುವವಳು. ಆದರೆ ಮೂರನೆಯದನ್ನು ಒತ್ತಿದ ಕೂಡಲೇ ಆ್ಯಪ್ ವಿಳಾಸ ಕೇಳಿತು. ವಿಳಾಸವನ್ನಾದರೂ ಸುಳ್ಳಿಲ್ಲದೆ ಬರೆಯಬಹುದಲ್ಲ? ಒಂದೊಂದೇ ಅಕ್ಷರ ನೋಡಿ ಟೈಪು ಮಾಡಿದಳು: ‘ಆಶ್ರಯ ಕೇಂದ್ರ, ಮಹಿಳಾ ಕೋಣೆ, ಮಂಚ ಸಂಖ್ಯೆ ನಾಲ್ಕು, ಗಬ್ಬೂರ.’ ಅಮೀನಸಾಬನಿಗೆ ಫೋನು ತೋರಿಸಿದಳು. ಹೊರಗೆ ಮಲಗುವವರ ಪಟ್ಟಿಯಲ್ಲಿ ಸತ್ಯವ್ವನ ಹೆಸರಿರಲಿಲ್ಲ. ಅವನು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ ಗೇಟು ತೆಗೆದ.

“ನಡೀರಿ ಆಯಿ, ನಿಮ್ಮ ಮನಿಗೆ.”

ಶನಿವಾರ ಶಾಂತಯ್ಯನವರೇ ಫೋನು ಮಾಡಿದರು. ಜಾಯ್ಸ್ ಎದ್ದು ನಿಂತೇ ಮಾತಾಡಿದಳು. ಕೆಲಸ ಹೋಯಿತೆಂದು ಖಾತ್ರಿಯಾಗಿತ್ತು.

“ಏನ್ ಮಾಡೀರಿ ಇದು?” ಎಂದರು ಅವರು. “‘ಪುನರ್ವಸತಿ ಹೊಂದಿದವರು’ ಅನ್ನೋ ಕಾಲಂ ನಾ ಬಂದಾಗಿಂದ ಸೊನ್ನಿ ಇತ್ತು. ನಿನ್ನೆ ಒಂದು ತೋರ್ಸೇದ. ಮ್ಯಾಲಿನವರು ಫೋನ್ ಮಾಡಿ ಶಹಬ್ಬಾಸ್ ಅಂದ್ರು. ಬಾಗಲಾ ಕಾಣೂವಂಗ ಒಂದು ಫೋಟೋ ಬೇಕಂತ.”

“ಸರ್, ವಿಳಾಸ ನೋಡೀರೇನ್ರಿ? ಅದು ನಮ್ಮ ಕೇಂದ್ರದ ಮಂಚ.”

ಅತ್ತ ಹಾಳೆ ಮಗುಚುವ ಸಪ್ಪಳ.

“ನೋಡ್ದೆ. ಆ ಮಂಚ ಒಬ್ರ ಮನಿ ಆದಮ್ಯಾಲ ಮತ್ತ ಕೇಂದ್ರದ ಹಾಸಿಗಿ ಅಂತ ಎಣಿಸಾಕ ಬರೂದಿಲ್ಲ. ಒಂದನ್ನ ಎರಡು ಸಲ ಎಣಿಸಬಾರದು ಅಂತ ನೀವ ಹೇಳೀರಲ್ಲ. ಸಾಮರ್ಥ್ಯ ನಲವತ್ತಿತ್ತು, ಮೂವತ್ತೊಂಬತ್ತು ಮಾಡೇನಿ.”

ಜಾಯ್ಸ್ ಫೋನು ಇಟ್ಟು ಕುರ್ಚಿಯ ತುದಿಯಲ್ಲಿ ಕೂತಳು. ಇದರಲ್ಲಿ ಎಲ್ಲೋ ಒಂದು ದೊಡ್ಡ ತಪ್ಪಿದೆ ಎಂದು ಅವಳಿಗೆ ಗೊತ್ತಿತ್ತು. ಹುಡುಕಿದಳು. ವಿಳಾಸ ಸರಿ. ಹೆಸರು ಸರಿ. ಮಂಚ ಇದೆ, ಮಂಚದ ಮೇಲೆ ಸತ್ಯವ್ವ ಇದ್ದಾಳೆ. ತಪ್ಪು ಸಿಗಲಿಲ್ಲ. ಗೇಟಿನ ಹೊರಗೆ ಮಾತ್ರ ಇನ್ನೂ ಹದಿನೆಂಟು ಮಂದಿ ಇದ್ದರು.

ಅವಳು ಅಮೀನಸಾಬನಿಗೆ ಫೋನು ಮಾಡಿದಳು. “ಕಾಕಾ, ಆ ಹದಿನೆಂಟು ಮಂದಿ ಯಾರ್ ಯಾರು ಯಾವ ಯಾವ ಮಂಚದ ಮ್ಯಾಲ ಮಲಗ್ತಿದ್ರು, ಒಂದೊಂದ ಹೇಳ್ರಿ. ಸಾವಕಾಶ ಹೇಳ್ರಿ, ನಂಬರ ತಪ್ಪಬಾರದು.”

ಆ್ಯಪ್‌ನಲ್ಲಿ ಒಂದೊಂದು ಹೆಸರಿಗೂ ಒಂದೊಂದು ಮಂಚದ ವಿಳಾಸ. ಮಧ್ಯಾಹ್ನದ ಊಟ ತಪ್ಪಿತು. ಸಂಜೆಯೊಳಗೆ ಅಮೀನಸಾಬ ಹದಿನೆಂಟು ಸಲ ಪಟ್ಟಿ ನೋಡಿ ಹದಿನೆಂಟು ಸಲ ಗೇಟು ತೆಗೆದ. ರಾತ್ರಿಯೊಳಗೆ ಕೇಂದ್ರದ ಸಾಮರ್ಥ್ಯ ಇಪ್ಪತ್ತೊಂದಕ್ಕೆ ಇಳಿದಿತ್ತು. ಶಾಂತಯ್ಯನವರು ವರದಿಯ ಕೊನೆಯ ಸಾಲನ್ನು ಹೊಡೆದು ಹೊಸದಾಗಿ ಬರೆದರು: ‘ಇರುವ ಕೇಂದ್ರದ ಸಾಮರ್ಥ್ಯ ಅರ್ಧದಷ್ಟು ಕುಗ್ಗಿರುವುದರಿಂದ ಅವಳಿ ನಗರಕ್ಕೆ ಇನ್ನೊಂದು ಕೇಂದ್ರದ ತುರ್ತು ಅವಶ್ಯಕತೆ ಕಂಡುಬರುತ್ತದೆ.’ ಜಾಯ್ಸ್ ಸಹಿ ಹಾಕಿದಳು. ಹಾಕಿದ ಮೇಲೆ, ಇಡೀ ವರದಿಯಲ್ಲಿ ನಿಜವಾದದ್ದು ಇದೊಂದೇ ಸಾಲು, ಅದಕ್ಕೆ ಕೊಟ್ಟ ಕಾರಣವೊಂದು ಬಿಟ್ಟು, ಎಂದು ಅನಿಸಿತು.

ರವಿವಾರ ಚರ್ಚು ಮುಗಿಸಿ ಗಬ್ಬೂರಿಗೆ ಹೋದಳು. ಸತ್ಯವ್ವ ಮಂಚದ ಮೇಲೆ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಮನಿ ಅಂತ ಬರದೀಯಂತ? ಸಾಬಣ್ಣ ಹೇಳಿದಾ. ಮನಿ ಅಂದಮ್ಯಾಲ ಕೀಲಿ ಬೇಕಲ್ಲ.”

“ಆಯಿ, ಇದ ಕೋಣ್ಯಾಗ ಇನ್ನೂ ಐದು ಮಂಚ ಅದಾವ್ರಿ.”

“ಅವ್ರ ಮನಿ ಅವ್ರು ನೋಡ್ಕೋತಾರ. ಮತ್ತ ಈ ಕಿಡಕಿ ಗಾಳಿ ಬೆನ್ನಿಗೆ ಬಡೀತೈತಿ. ಐದನೇದ್ಕ ಹೋಗ್ಲೇನು?”

ಜಾಯ್ಸ್ ಬೆರಳು ಮಡಚಿ ಲೆಕ್ಕ ಹಾಕಿದಳು. ಸತ್ಯವ್ವ ಐದಕ್ಕೆ ಹೋದರೆ ನಾಲ್ಕು ಮತ್ತೆ ಹಾಸಿಗೆಯಾಗುತ್ತದೆ, ಐದು ಮನೆಯಾಗುತ್ತದೆ, ನಿನ್ನೆ ಕಳಿಸಿದ ಫೋಟೋದಲ್ಲಿರುವ ಮನೆ ಒಂದು, ಪಟ್ಟಿಯಲ್ಲಿರುವ ಮನೆ ಇನ್ನೊಂದು. “ಇನ್ನೊಂದ ವಾರ ತಡೀರಿ ಆಯಿ. ಕಾಗದಾ ಮ್ಯಾಲೆ ಹೋಗಿ ಮುಟ್ಟಲಿ. ಏನಂದ್ರ…” ಎಂದು ಎಲ್ಲವನ್ನೂ ಮೊದಲಿಂದ ವಿವರಿಸತೊಡಗಿದಳು. ಕಾಲಮುಗಳ ವಿಷಯಕ್ಕೆ ಬರುವಷ್ಟರಲ್ಲಿ ಸತ್ಯವ್ವ ಬೆಳ್ಳುಳ್ಳಿಯ ಬುಟ್ಟಿಯನ್ನು ಮಂಚದ ಕೆಳಗೆ ಸರಿಸಿ, ಗೋಡೆಯ ಕಡೆ ಹೊರಳಿ, ಗೊರಕೆ ಹೊಡೆಯುತ್ತಿದ್ದಳು.

ಜಾಯ್ಸ್ ಮಾತು ನಿಲ್ಲಿಸಿ ಎದ್ದಳು. ಆಗ ತನ್ನ ಕಾಲು ಕಂಡಿತು. ಮತ್ತೊಬ್ಬರ ಮನೆಯೊಳಗೆ ಇಷ್ಟು ಹೊತ್ತೂ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದಳು. ಅವನ್ನು ಕಳಚಿ ಕೈಯಲ್ಲಿ ಹಿಡಿದು, ಸಪ್ಪಳವಾಗದಂತೆ ಹೊರಗೆ ಬಂದಳು.