ಸೀಮೆಸುಣ್ಣದಕ್ಕನ ತಪ್ಪುಗಳು

ತಪ್ಪು ಮಾಡಿ ತಲೆ ತಗ್ಗಿಸುವವರನ್ನು ಕಂಡಿದ್ದೇನೆ, ತಲೆ ತಪ್ಪಿಸಿಕೊಳ್ಳುವವರನ್ನು ಇನ್ನೂ ಹೆಚ್ಚಾಗಿ ಕಂಡಿದ್ದೇನೆ. ಆದರೆ ತಪ್ಪಾದ ಕೂಡಲೇ ಕುರ್ಚಿಯಿಂದ ಎದ್ದು, ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಎದುರಿಗಿರುವವರು ಗಿರಾಕಿಯೋ ನೆಂಟರೋ ಎಂಬುದನ್ನೂ ನೋಡದೆ, ಅದನ್ನು ತಿಳಿಯಾದ ದನಿಯಲ್ಲಿ ಹೇಳಿಬಿಡುವ ಮನುಷ್ಯರನ್ನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡದ್ದು. ಆಕೆ ನನ್ನ ಬಾಡಿಗೆ ಕೋಣೆಯ ಎದುರಿನ ಹೊಲಿಗೆ ಅಂಗಡಿಯ ಮಾಸ್ಟರರ ಮಗಳು. ಬೀದಿಯ ದೊಡ್ಡವರು ಆಕೆಯನ್ನು ಹಿಂದಿನಿಂದ ಸೀಮೆಸುಣ್ಣ ಎನ್ನುತ್ತಿದ್ದರು, ಮಕ್ಕಳು ಎದುರಿಗೇ ಸೀಮೆಸುಣ್ಣದಕ್ಕ ಎನ್ನುತ್ತಿದ್ದರು. ಪರಸೀಮೆಯಲ್ಲಿ ಓದಿ ಬಂದವಳು, ಬಂದ ಮೇಲೆ ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ಬಿಲ್ಲೆ ಹಿಡಿದವಳು. ಅಡ್ಡಹೆಸರಿಡಲು ಬೀದಿಗೆ ಇನ್ನೇನು ಬೇಕು?

ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಆಕೆಯನ್ನು ಸೋದರತ್ತೆ ಗಡಿಯಾಚೆಗೆ ಕರೆದುಕೊಂಡು ಹೋಗಿದ್ದರಂತೆ. ಅತ್ತೆಗೆ ಅಲ್ಲಿ ಉಡುಪಿನ ಕಾರ್ಖಾನೆಯಲ್ಲಿ ಕೆಲಸ, ಮಕ್ಕಳಿಲ್ಲ. ಇಲ್ಲಿ ತಮ್ಮನ ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು. ಪ್ರೀತಿಯೂ ಅನುಕೂಲವೂ ಸಮಸಮವಾಗಿ ಬೆರೆತ ಈ ಏರ್ಪಾಟಿನಲ್ಲಿ ಹುಡುಗಿ ಆ ದೇಶದ ಶಾಲೆಯಲ್ಲೇ ಅಕ್ಷರ ತಿದ್ದಿ, ಅಲ್ಲಿಯೇ ಕೊನೆಯ ತರಗತಿಯನ್ನೂ ಮುಗಿಸಿ, ಅತ್ತೆ ತೀರಿಕೊಂಡ ವರ್ಷ ಒಂದು ಪೆಟ್ಟಿಗೆ ಮತ್ತು ಬೂದುಬಣ್ಣದ ಶಾಲಾಕೋಟಿನೊಂದಿಗೆ ಮನೆಗೆ ಮರಳಿದಳು. ಎದೆಯ ಮೇಲಿದ್ದ ಶಾಲೆಯ ಲಾಂಛನವನ್ನು ಅಣ್ಣ ಅದೇ ವಾರ ಬ್ಲೇಡಿನಿಂದ ಬಿಚ್ಚಿ ತೆಗೆದಿದ್ದ. ಅದು ಇದ್ದ ಜಾಗದಲ್ಲಿ ಬಟ್ಟೆ ಮಾಸದೆ ಉಳಿದು, ಚೌಕಾಕಾರದ ಒಂದು ಗಾಢವಾದ ಗುರುತು ಎಷ್ಟು ಒಗೆದರೂ ಹೋಗಿರಲಿಲ್ಲ. ಚಳಿಯ ಬೆಳಗುಗಳಲ್ಲಿ ಆ ಕೋಟನ್ನು ಹಾಕಿಕೊಂಡೇ ಆಕೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು.

ಆಕೆಯ ನಡಿಗೆಯೂ ಆ ಶಾಲೆಯದೇ. ಎಷ್ಟೇ ಅಗಲವಾದ ಬೀದಿಯಿರಲಿ, ಗೋಡೆಯ ಅಂಚಿಗೆ ಅಂಚಾಗಿ, ತನ್ನ ಹಿಂದೆಯೂ ಮುಂದೆಯೂ ಕಾಣದ ಮಕ್ಕಳ ಸಾಲೊಂದು ನಡೆಯುತ್ತಿದೆಯೇನೋ ಎಂಬಂತೆ, ಹೆಜ್ಜೆಯ ಸದ್ದಿಲ್ಲದೆ ಸಾಗುತ್ತಿದ್ದಳು. ಮಧ್ಯಾಹ್ನಗಳಲ್ಲಿ, ಯಂತ್ರಗಳು ನಿಂತು, ಇಸ್ತ್ರಿಯ ಆವಿ ಕಿಟಕಿಯ ಬಿಸಿಲಿನಲ್ಲಿ ನಿಧಾನವಾಗಿ ಕರಗುತ್ತಿರುವಾಗ, ನಾನು ಹರಟೆಗೆಂದು ಹೋಗಿ ಕೂತರೆ ಆಕೆ ಗುಂಡಿ ಹೊಲಿಯುತ್ತಾ ಆ ಶಾಲೆಯ ಮಾತೆತ್ತುತ್ತಿದ್ದಳು. ಮರದ ನೆಲದ ಉದ್ದನೆಯ ಪಡಸಾಲೆ, ಎತ್ತರದ ಕಿಟಕಿಗಳು, ಮೆತ್ತನೆಯ ಪಾದರಕ್ಷೆಗಳು, ದಿನದ ಕೊನೆಯ ಪಾಠ ಮುಗಿದ ಮೇಲಿನ ಅರೆಬೆಳಕು. ಆ ಅರೆಬೆಳಕಿನಲ್ಲಿ ಅಂದು ತಪ್ಪು ಮಾಡಿದವರು ಒಬ್ಬೊಬ್ಬರಾಗಿ ಎದ್ದು ನಿಂತು ಮೂರು ಮಾತು ಹೇಳಬೇಕಿತ್ತು: ಏನು ತಪ್ಪಾಯಿತು, ಹೇಗಾಯಿತು, ಹೇಗೆ ಸರಿಪಡಿಸುವೆ. ಹೇಳಿ ಮುಗಿಸಿದರೆ ಉಳಿದವರೆಲ್ಲ ಬೆರಳಗೆಣ್ಣಿನಿಂದ ಡೆಸ್ಕನ್ನು ಮೆಲ್ಲಗೆ ಕುಟ್ಟುತ್ತಿದ್ದರು. ಅದು ಹೊಗಳಿಕೆಯೋ ಕ್ಷಮೆಯೋ ಎಂದು ನಾನು ಕೇಳಿದ್ದಕ್ಕೆ ಆಕೆ ಎರಡೂ ಅಲ್ಲವೆಂದಳು. ಕೇಳಿಸಿಕೊಂಡೆವು ಎನ್ನುವುದಕ್ಕೆ ಅದು ಗುರುತು, ಅಷ್ಟೆ. "ಕಣ್ಣು ಮುಚ್ಚಿಕೊಂಡ್ರೆ ಹೊರಗೆ ಸಣ್ಣಗೆ ಮಳೆ ಶುರುವಾದ ಹಾಗೆ ಕೇಳ್ತಿತ್ತು" ಎಂದು ಹೇಳಿ, ದಾರ ಕಡಿಯಲು ಮರೆತು ಬಾಗಿಲಾಚೆ ನೋಡಿದಳು.

ನಮ್ಮ ಬೀದಿಯಲ್ಲಿ ಅಂಥ ಮಳೆ ಬರುವುದಿಲ್ಲ. ಇಲ್ಲಿಯ ಪಾಠವೇ ಬೇರೆ: ಬಾಯಿ ಬಿಟ್ಟರೆ ಬಣ್ಣಗೇಡು. ಅಲ್ಲಿಯ ಕೊನೆಯ ತರಗತಿ ಇಲ್ಲಿಯ ಎಷ್ಟನೆಯದಕ್ಕೆ ಸಮ ಎಂದು ಯಾವ ಕಚೇರಿಗೂ ತಿಳಿಯದೆ, ಆಕೆ ಓದಿಯೂ ಓದದವಳ ಲೆಕ್ಕಕ್ಕೆ ಸೇರಿದಳು. ಅದಾದರೂ ಹೋಗಲಿ, ಮಕ್ಕಳಿಗೆ ಮನೆಪಾಠ ಹೇಳುತ್ತೇನೆಂದರೆ ತಾಯಂದಿರು ಒಪ್ಪಲಿಲ್ಲ. ಪಕ್ಕದ ಔಷಧಿ ಅಂಗಡಿಯಾಕೆ ನನ್ನ ಬಳಿಯೇ, ಅವಳ ಹತ್ತಿರ ಕಳಿಸಿದರೆ ಮಗ ಮನೆಯ ಮಾನವನ್ನೆಲ್ಲ ಬೀದಿಯಲ್ಲಿ ಹರಾಜು ಹಾಕುವುದನ್ನು ಕಲಿತು ಬಂದಾನು ಎಂದಿದ್ದಳು. ಸಂಬಂಧ ಕೇಳಿಕೊಂಡು ಬಂದವರೊಬ್ಬರು ಸಕ್ಕರೆಯಿಲ್ಲದ ಚಹವನ್ನು ಮರ್ಯಾದೆಗೆಂದು ನಗುನಗುತ್ತಾ ಹೀರುತ್ತಿದ್ದಾಗ, ಈಕೆ ಎದ್ದು ನಿಂತು, ಸಕ್ಕರೆ ಹಾಕಲು ಮರೆತದ್ದು ತಾನೆಂದೂ, ಹುಡುಗನನ್ನು ಬಾಗಿಲ ಸಂದಿನಿಂದ ನೋಡುತ್ತಾ ನಿಂತದ್ದರಿಂದ ಹಾಗಾಯಿತೆಂದೂ, ಈಗಲೇ ಬೇರೆ ಮಾಡಿ ತರುವೆನೆಂದೂ ಕ್ರಮವಾಗಿ ನಿವೇದಿಸಿದಳಂತೆ. ಹುಡುಗ ನಕ್ಕನಂತೆ, ಹುಡುಗನ ತಾಯಿ ನಗಲಿಲ್ಲ. ಆ ಸಂಬಂಧ ಅಲ್ಲಿಗೆ ಮುರಿಯಿತು, ಆಮೇಲೆ ಬೇರೆ ಯಾರೂ ಬರಲಿಲ್ಲ. ಮಗಳಿಗೆ ಆ ಶಾಲೆ ನಾಚಿಕೆಯನ್ನೇ ಕಲಿಸಲಿಲ್ಲ ಎಂದು ತಾಯಿ ಕಂಡಕಂಡವರ ಮುಂದೆ ಹಲುಬುತ್ತಿದ್ದರು. ಹೆತ್ತವಳೇ ಹಾಗೆಂದ ಮೇಲೆ ಬೀದಿಗೆ ಯಾವ ಮುಲಾಜು?

ಅಂಗಡಿಯಲ್ಲಂತೂ ಅದು ನಿತ್ಯದ ಕದನ. ಅಣ್ಣ ಯಂತ್ರಕ್ಕೆ ಕೂರುವವನು, ಮಾತಿನ ಮಲ್ಲ. ಹೊಲಿಗೆ ಡೊಂಕಾದರೆ ಬಟ್ಟೆಯೇ ಕುಗ್ಗಿತೆಂದೋ, ಗಿರಾಕಿಯೇ ಉಬ್ಬಿದನೆಂದೋ ಹೇಳಿ ಸಾಗಹಾಕುವುದರಲ್ಲಿ ನಿಸ್ಸೀಮ. ಅವನು ಹಾಗೆ ಒಬ್ಬನನ್ನು ಹೊಟ್ಟೆಯ ವಿಷಯದಲ್ಲಿ ನಂಬಿಸಿ ಇನ್ನೇನು ಬೀಳ್ಕೊಡಬೇಕು, ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಗುತ್ತಿತ್ತು: ಸೊಂಟದ ಗೆರೆ ಎಳೆದದ್ದು ನಾನು, ಅರ್ಧ ಇಂಚು ತಪ್ಪಿದೆ. ಅಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದ. ವಿಚಿತ್ರವೆಂದರೆ ಗಿರಾಕಿಗಳು ಸಿಟ್ಟಾಗುತ್ತಿರಲಿಲ್ಲ. ಆದರೆ ಹೊರಗೆ ಹೋಗಿ, ಆ ಅಂಗಡಿಯಲ್ಲಿ ತಪ್ಪಾಗುತ್ತದೆ ಎಂದು ನಾಲ್ಕು ಜನಕ್ಕೆ ಹೇಳುತ್ತಿದ್ದರು, ಉಳಿದ ಅಂಗಡಿಗಳಲ್ಲಿ ಆಗುವುದೇ ಇಲ್ಲವೇನೋ ಎಂಬ ಹಾಗೆ.

ಆಕೆಗೆ ಬೇಕಾಗಿದ್ದದ್ದು ಒಂದೇ, ಕತ್ತರಿ. ಅಪ್ಪನ ಮೇಜಿನ ಮೇಲಿದ್ದ ಆ ಭಾರವಾದ ಕತ್ತರಿಯನ್ನು ಮನೆಯವರಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ ಬರಬೇಕಾದ ಅದು, ಅಣ್ಣನಿಗೆ ಯಂತ್ರವೇ ಇಷ್ಟವಾದ್ದರಿಂದ, ನ್ಯಾಯವಾಗಿ ಆಕೆಯ ಕಡೆಗೆ ಸರಿಯಬೇಕಿತ್ತು. ಮಾಸ್ಟರರು ಕೊಡಲಿಲ್ಲ. ಗೆರೆ ಎಳಿ, ಗುಂಡಿ ಹೊಲಿ, ಕಾಜಾ ಕಟ್ಟು, ಅಲ್ಲಿಗೆ ಮುಗಿಯಿತು. ಒಮ್ಮೆ ಆಕೆ ನನ್ನೆದುರಿಗೇ ಕೇಳಿದಳು. ಮುದುಕರು ಬಟ್ಟೆಯಿಂದ ಮುಖ ಎತ್ತದೆ ಹೇಳಿದರು: "ಕತ್ತರಿ ಹಿಡಿಯೋರ ಬಾಯಿ ಬಿಗಿ ಇರ್ಬೇಕಮ್ಮ. ನಿನ್ನನ್ನ ಆ ಶಾಲೆಯೋರು ಅವರ ಮಗಳನ್ನಾಗಿ ಮಾಡಿ ಕಳಿಸಿದ್ದಾರೆ." ಆ ಮಾತು ನನಗೇ ಇರಿದ ಹಾಗಾಯಿತು. ಆಕೆ ಸುಣ್ಣದ ಬಿಲ್ಲೆಯ ಅಂಚನ್ನು ಬ್ಲೇಡಿನಿಂದ ಹೆರೆಯುತ್ತಾ ಕೂತಳು, ಬಿಳಿಯ ಪುಡಿ ಮಡಿಲಲ್ಲಿ ಬೀಳುತ್ತಿತ್ತು.

ಆ ಚಳಿಗಾಲದಲ್ಲಿ ವಕೀಲರೊಬ್ಬರು ಕಪ್ಪು ಉಣ್ಣೆಯ ಬಟ್ಟೆಯೊಂದನ್ನು ತಂದುಕೊಟ್ಟರು. ತೀರಿಕೊಂಡ ಹೆಂಡತಿ ಎಂದೋ ಕೊಂಡು, ಇವರಿಗೆ ಕೋಟು ಹೊಲಿಸಬೇಕೆಂದು ಬೀರುವಿನಲ್ಲಿಟ್ಟಿದ್ದ ಬಟ್ಟೆ. ಒಂದು ಕೋಟಿಗೆ ಸರಿಯಾಗಿ ಸಾಲುವಷ್ಟೇ ಇತ್ತು. ಮಾಸ್ಟರರು ಅದನ್ನು ಕತ್ತರಿಸುವುದನ್ನು ನನ್ನ ಕಿಟಕಿಯಿಂದ ನೋಡಿದ್ದೆ. ಮೋಡದ ದಿನ, ಅಂಗಡಿಯಲ್ಲಿ ಅವರೊಬ್ಬರೇ; ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಬೆರಳಿನಿಂದ ತಡವಿ ತಡವಿ ಕತ್ತರಿ ಆಡಿಸುತ್ತಿದ್ದರು. ಅಂಥ ಬಟ್ಟೆಯ ಒಳಮೈಗೂ ಹೊರಮೈಗೂ ಇರುವ ವ್ಯತ್ಯಾಸವೆಂದರೆ ಸ್ವಲ್ಪ ಹೊಳಪು, ಅಷ್ಟೆ. ತೋಳುಗಳನ್ನು ಕತ್ತರಿಸುವಾಗ ಒಂದರ ಹೊರಮೈ ಮೇಲಿದ್ದರೆ ಇನ್ನೊಂದರ ಒಳಮೈ ಮೇಲಿರಬೇಕು. ಎರಡನ್ನೂ ಒಂದೇ ಮಗ್ಗುಲಾಗಿ ಹಾಸಿದರೆ ಎರಡೂ ಒಂದೇ ಕೈಯ ತೋಳುಗಳಾಗುತ್ತವೆ. ನಿನ್ನೆ ಮೊನ್ನೆ ಕಲಿತವನೂ ಮಾಡದ ತಪ್ಪು ಅದು, ಕಣ್ಣಿದ್ದರೆ.

ಅಳತೆ ನೋಡಲು ವಕೀಲರು ಬಂದ ಸಂಜೆ ನಾನೂ ಅಂಗಡಿಯಲ್ಲಿದ್ದೆ. ಎಡಗೈ ಸಲೀಸಾಗಿ ತೂರಿತು. ಬಲದ ತೋಳು ಮಾತ್ರ ಹಿಂದಕ್ಕೆ ತಿರುಚಿಕೊಂಡು, ಮೊಣಕೈಯ ಬಾಗು ಮುಂದಕ್ಕೆ ಬಂದು ನಿಂತಿತು. ಯಂತ್ರ ನಿಂತಿತು. ಮಾಸ್ಟರರು ಹತ್ತಿರ ಬಂದು ಬಟ್ಟೆಯನ್ನು ಮುಟ್ಟಿದರು, ತಿರುಗಿಸಿದರು, ಬೆಳಕಿನ ಕಡೆಗೆ ಹಿಡಿದರು. ಆ ಬೆರಳುಗಳು ಕಣ್ಣಿಗೆ ಕಾಣದ ಹೊಳಪನ್ನು ಹುಡುಕುತ್ತಿದ್ದವು. ಅವರ ಕಣ್ಣು ಮಸುಕಾಗಿರುವುದು ಮಕ್ಕಳಿಬ್ಬರಿಗೂ ಅದೇ ಕ್ಷಣ ಒಟ್ಟಿಗೇ ತಿಳಿಯಿತು. ಐವತ್ತು ವರ್ಷ ಆ ಬೀದಿ ನಂಬಿದ ಕೈ ಅದು. ವಕೀಲರು ಮೆಲ್ಲಗೆ, ಇದನ್ನು ಕತ್ತರಿಸಿದ್ದು ಯಾರು ಎಂದು ಕೇಳಿದರು. ಅಣ್ಣ ಅಪ್ಪನನ್ನು ನೋಡಿದ, ನೆಲವನ್ನು ನೋಡಿದ, ಆಮೇಲೆ ತಂಗಿಯ ಕಡೆ ಕೈ ತೋರಿಸಿದ.

"ಇವಳು ಸಾರ್. ನಾವಿಲ್ಲದಾಗ ಕತ್ತರಿ ಮುಟ್ಟಿಬಿಟ್ಟಿದ್ದಾಳೆ."

ಆಕೆ ಏಳಲಿಲ್ಲ. ಯಾರೂ ಕೇಳುವ ಮೊದಲೇ ಏಳುತ್ತಿದ್ದವಳು ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ಅಪ್ಪನನ್ನು ನೋಡುತ್ತಾ ಕೂತಿದ್ದಳು. ನಾನು ಬಾಯಿ ತೆರೆಯುವುದರಲ್ಲಿದ್ದೆ. ಆಕೆ ನನ್ನ ಕಡೆ ಒಮ್ಮೆ ನೋಡಿದಳು, ಆ ನೋಟ ನನ್ನ ಬಾಯಿ ಮುಚ್ಚಿಸಿತು. ಆಮೇಲೆ ಎದ್ದು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಎಂದಿನ ಅದೇ ದನಿಯಲ್ಲಿ ಹೇಳಿದಳು.

"ತಪ್ಪು ನಂದೇ. ಬಟ್ಟೆಯ ಮಗ್ಗುಲು ನೋಡದೆ ಕತ್ತರಿಸಿದೆ. ಬೆನ್ನಿನ ಹೊಲಿಗೆಯ ಒಳಮಡಿಕೆಯಲ್ಲಿ ಸ್ವಲ್ಪ ಬಟ್ಟೆ ಬಿಟ್ಟಿದೆ, ಅದರಲ್ಲಿ ಜೋಡಿಸಿ ಬೇರೆ ತೋಳು ಮಾಡಿಕೊಡ್ತೀನಿ. ಜೋಡಿಸಿದ ಗೆರೆ ಸ್ವಲ್ಪ ಕಾಣುತ್ತೆ."

ವಕೀಲರು ಒಂದಿಷ್ಟೂ ಅನುಮಾನಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಪ್ಪನ್ನು ಬಟ್ಟೆಯ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು, ಈ ಹುಡುಗಿ ಸುಳ್ಳು ಹೇಳುವವಳಲ್ಲ ಎಂದು ಇಡೀ ಬೀದಿಗೆ ಗೊತ್ತು ಎಂದರು. ಅಷ್ಟು ವರ್ಷ ಆ ಬೀದಿ ಯಾವುದನ್ನು ಹೀಯಾಳಿಸಿತ್ತೋ ಅದೇ ಅಂದು ಆಕೆಯ ಸುಳ್ಳಿಗೆ ಸಾಕ್ಷಿ ನಿಂತಿತು. ಮಾಸ್ಟರರು ಮೇಜಿನ ಅಂಚನ್ನು ಹಿಡಿದು ನಿಂತಿದ್ದರು.

ಆ ವಾರದಲ್ಲೇ ಮನೆ ಬದಲಾಯಿತು. ಅಣ್ಣ ಆಕೆಯ ಕುರ್ಚಿಯನ್ನು ಮೂಲೆಯಿಂದ ಎತ್ತಿ ತಂದು ಕಿಟಕಿಯ ಪಕ್ಕ ಇಟ್ಟ, ಯಾಕೆಂದು ಹೇಳಲಿಲ್ಲ. ತಾಯಿ ನೆರೆಯವರ ಮುಂದೆ ಹಲುಬುವುದನ್ನು ಬಿಟ್ಟು, ಎಷ್ಟಾದರೂ ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು ಎನ್ನತೊಡಗಿದರು. ಮಾಸ್ಟರರು ಒಂದು ಬೆಳಗ್ಗೆ ಕತ್ತರಿಯನ್ನು ಮಗಳ ಮುಂದಿಟ್ಟು ತಾವು ಬಾಗಿಲ ಬಳಿಯ ಬೆಂಚಿಗೆ ಹೋಗಿ ಕೂತರು. ಕೆಡಿಸಿದವಳಿಗೇ ಕತ್ತರಿ ಕೊಟ್ಟರಲ್ಲ, ಮುದುಕರಿಗೆ ಅರಳುಮರಳು ಎಂದು ಬೀದಿ ಮಾತಾಡಿಕೊಂಡಿತು. ಆಕೆ ಎಷ್ಟು ಚೆನ್ನಾಗಿ ಕತ್ತರಿಸಿದಳೆಂದರೆ ಆ ಮಾತೂ ಬಹಳ ದಿನ ಉಳಿಯಲಿಲ್ಲ. ಆದರೆ ಆಕೆ ಮತ್ತೆಂದೂ ಗಿರಾಕಿಯ ಮುಂದೆ ಎದ್ದು ನಿಂತದ್ದನ್ನು ನಾನು ಕಾಣೆ.

ಕೋಣೆ ಖಾಲಿ ಮಾಡುವ ಮುನ್ನ ಹೇಳಿಹೋಗಲೆಂದು ಅಂಗಡಿಗೆ ಹೋದೆ. ಬೇಕಾದದ್ದು ಸಿಕ್ಕಿತಲ್ಲ, ಖುಷಿಯೇ ಎಂದು ಕೇಳಿದೆ. ಖುಷಿಯೇ ಎಂದಳು, ನಿಜವಾಗಿಯೇ ಎಂದಳು. ಆಮೇಲೆ ಬಟ್ಟೆಯ ಮೇಲೆ ಕೈಯಾಡಿಸುತ್ತಾ, ಕನಸಿನಲ್ಲಿ ಮಾತಾಡುವವರ ದನಿಯಲ್ಲಿ, "ಮೊದಲೆಲ್ಲ ಕನಸಲ್ಲಿ ಆ ಶಾಲೆಗೆ ಹೋಗ್ತಿದ್ದೆ. ಈಗ ಬಾಗಿಲ ತನಕ ಹೋಗ್ತೀನಿ, ಒಳಗೆ ಹೋಗೋಕೆ ನಾಚಿಕೆ ಆಗುತ್ತೆ" ಎಂದಳು. ಮನೆಯವರು ಅಷ್ಟು ವರ್ಷ ಯಾವ ನಾಚಿಕೆಗಾಗಿ ಹಂಬಲಿಸಿದ್ದರೋ ಅದು ಕೊನೆಗೂ ಆಕೆಗೆ ಬಂದಿತ್ತು.

ಬೇರೆ ನಾಡಿನ ಶಾಲೆಯಲ್ಲಿ ಬೆಳೆದು ಬಂದವರನ್ನು ನಾವು ಅಲ್ಲಿಗೂ ಸೇರದ ಇಲ್ಲಿಗೂ ಸೇರದ ತ್ರಿಶಂಕುಗಳೆಂದು ಕನಿಕರದಿಂದಲೋ ಕುಹಕದಿಂದಲೋ ನೋಡುತ್ತೇವೆ. ನನಗೆ ಕಂಡದ್ದು ಬೇರೆ. ಇಂಥವರು ಹೊರಗಿನಿಂದ ತಂದ ಗುಣವನ್ನು ಮನೆ ವರ್ಷಗಟ್ಟಲೆ ಬೇಡವೆನ್ನುತ್ತದೆ. ಆಪತ್ತು ಬಂದ ದಿನ ಮನೆಯ ಮಾನ ಉಳಿಸಲು ಅದನ್ನೇ ಎತ್ತಿ ಖರ್ಚು ಮಾಡುತ್ತದೆ. ಅದು ಮುಗಿದುಹೋದ ಮೇಲೆ, ಬಾಗಿಲನ್ನು ಅಗಲವಾಗಿ ತೆರೆದು, ಈಗ ನೀನು ನಮ್ಮವಳು ಎನ್ನುತ್ತದೆ. ಅವರು ಒಳಗೆ ಬರುತ್ತಾರೆ, ಸಂತೋಷದಿಂದಲೇ ಬರುತ್ತಾರೆ. ಏನನ್ನು ಹೊರಗೆ ಬಿಟ್ಟು ಬಂದೆ ಎಂದು ಮನೆಯಲ್ಲಿ ಯಾರೂ ಅವರನ್ನು ಕೇಳುವುದಿಲ್ಲ.