ಗೊರಕೆ ಹೊಡೆಯುವ ಮೆಷಿನ್ನು

ಬೆಳಗಾದರೆ ದನಗಳ ಪ್ರದರ್ಶನ. ಕಪ್ಪಿಯ ಮೈಕೂದಲು ಮಾತ್ರ ಇನ್ನೂ ಎರ್ರಾಬಿರ್ರಿ ಬೆಳೆದುಕೊಂಡಿತ್ತು. ಪ್ರತಿ ವರ್ಷ ಆ ಹಸುವಿಗೆ ಕತ್ತರಿಯಲ್ಲಿ ಒಪ್ಪವಾಗಿ ಕೂದಲು ಕತ್ತರಿಸುತ್ತಿದ್ದವರು ಮಾವ. ಈ ಸಲ ಅವರ ಕೈ ನಡುಗುತ್ತಿತ್ತು. ಬೇರೆ ಯಾರು ಕತ್ತರಿ ಹಿಡಿದು ಬಂದರೂ ಕಪ್ಪಿ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. "ಕಪ್ಪಿ ಮನೇಲೇ ಇರಲಿ ಬಿಡಮ್ಮ," ಎಂದು ಅವರು ಮುಖ ತಿರುಗಿಸಿದ್ದು ಸೊಸೆಗೆ ನೋಡಲಾಗಲಿಲ್ಲ. ವರ್ಷವೆಲ್ಲ ಆ ಒಂದು ದಿನಕ್ಕಾಗಿ ಕಾಯುವ ಮನುಷ್ಯ!

ಪಕ್ಕದ ಮನೆಯ ಕೂದಲು ಕತ್ತರಿಸುವ ಮೆಷಿನ್ನು ತಂದು ನೋಡಿದ್ದೂ ಆಗಿತ್ತು. ಅದು ಕಿರ್ರೆಂದದ್ದೇ ತಡ, ಕಪ್ಪಿ ಒದ್ದ ರಭಸಕ್ಕೆ ಬಕೆಟ್ಟು ಗೋಡೆಗೆ ಬಡಿಯಿತು, ಸೊಸೆಯ ಗಂಡ ಸಗಣಿಯ ಮೇಲೆ ಕೂತ.

ಹಾಗಾಗಿ ಅವಳು ಅಂಗಡಿಗೆ ಬಂದಿದ್ದಳು. ಅಂಗಡಿಯವನು ಬ್ಲೇಡು, ಮೋಟಾರು, ಸ್ಪೀಡು ಎಂದು ಶುರು ಹಚ್ಚಿಕೊಂಡ.

"ಅದೆಲ್ಲ ಆಮೇಲೆ ಹೇಳಿ ಅಣ್ಣ. ಮೊದಲು ಆನ್ ಮಾಡಿ, ಸದ್ದು ಕೇಳಬೇಕು."

"ಇದೇನು ರೇಡಿಯೋನಾ ತಂಗಿ?"

ಅವಳು ಕಣ್ಣು ಮುಚ್ಚಿ ನಿಂತೇಬಿಟ್ಟಳು. ದೊಡ್ಡ ಮೆಷಿನ್ನು ಕಿರುಚಿತು, ಬೇಡ. ಇನ್ನೊಂದು ಕುಂಯ್‌ಗುಟ್ಟಿತು, ಅದೂ ಬೇಡ. ಕೊನೆಗೆ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪುಟ್ಟ ಬ್ಯಾಟರಿ ಮೆಷಿನ್ನು ಗುರ್ರ್ ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಇದೇ ಕೊಡಿ! ಥೇಟ್ ನಮ್ಮ ಮಾವನ ಗೊರಕೆ!"

"ಚಾರ್ಜು ಜಾಸ್ತಿ ಹೊತ್ತು ನಿಲ್ಲಲ್ಲಮ್ಮ..." ಎಂದವನ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಊಟವಾದ ಮೇಲೆ ಮಾವ ಮಲಗುತ್ತಿದ್ದದ್ದು ಕೊಟ್ಟಿಗೆಯ ಬೆಂಚಿನ ಮೇಲೆ. ಕರುವಾಗಿದ್ದಾಗಿನಿಂದ ಕಪ್ಪಿ ತೂಕಡಿಸುತ್ತಿದ್ದದ್ದು ಆ ಗೊರಕೆ ಕೇಳಿಕೊಂಡೇ.

ಮಧ್ಯಾಹ್ನ ಮಾವ ಮುಖ ಗಂಟಿಕ್ಕಿಕೊಂಡು, ತಮ್ಮ ಕತ್ತರಿಯನ್ನು ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಮೆಷಿನ್ನು ಗುರ್ರೆಂದಿತು. ಕಪ್ಪಿ ಕಿವಿ ನಿಮಿರಿಸಿತು, ಆಮೇಲೆ ಕಣ್ಣು ಅರೆಮುಚ್ಚಿತು. ಕತ್ತು ಆಯಿತು, ಬೆನ್ನು ಆಯಿತು. ಹೊಟ್ಟೆಯ ಹತ್ತಿರ ಬಂದಾಗ ಚಾರ್ಜು ಮುಗಿದು ಮೆಷಿನ್ನು ಸುಮ್ಮನಾಯಿತು. ಹಾಳಾದ ಕರೆಂಟೂ ಇರಲಿಲ್ಲ. ಕಪ್ಪಿ ಕಣ್ಣು ಬಿಟ್ಟು ಹಿಂಗಾಲು ಎತ್ತಿತು. ಸೊಸೆ ಹಿಂದೆ ಸರಿದಳು.

ಅಷ್ಟರಲ್ಲಿ ಬೆಂಚಿನ ಕಡೆಯಿಂದ ಗುರ್ರ್! ಮಾವ ಕೂತಲ್ಲೇ ನಿದ್ದೆಹೋಗಿದ್ದರು. ಕಪ್ಪಿಯ ಕಾಲು ಮೆಲ್ಲಗೆ ನೆಲಕ್ಕಿಳಿಯಿತು. ಅವಳು ಸದ್ದಾಗದಂತೆ ಅವರ ಕತ್ತರಿಯನ್ನೇ ಎತ್ತಿಕೊಂಡಳು.

ಎಚ್ಚರವಾದ ಮಾವ ಹಸುವನ್ನು ಸುತ್ತಿ ನೋಡಿ, ಹೊಟ್ಟೆಯ ಮೇಲೆ ಕೈಯಾಡಿಸಿದರು. "ಬೆನ್ನು ಪರವಾಗಿಲ್ಲ. ಇಲ್ಲಿ ಮಾತ್ರ ಮೆಷಿನ್ನು ಭಾರೀ ನಾಜೂಕಾಗಿ ಮಾಡಿದೆ ಕಣಮ್ಮ."

"ಅದು ನಿಮ್ಮ ಕತ್ತರಿ ಮಾವ. ನೀವು ಗೊರಕೆ ಹೊಡೆದಿರಿ, ನಾನು ಕತ್ತರಿಸಿದೆ."

"ನಾನಾ? ಗೊರಕೇನಾ? ಯಾವತ್ತೂ ಇಲ್ಲ!" ಎಂದು ರೇಗಿದರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತು, ಬೇರೆಲ್ಲೋ ನೋಡುತ್ತ ಹೇಳಿದರು: "ಕರೆಂಟು ಬಂದ ಮೇಲೆ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಡಮ್ಮ. ನಾಳೆ ಕಪ್ಪಿ ಹಗ್ಗ ನಾನೇ ಹಿಡೀತೀನಿ."